ಆರಿದ್ರೆ ಮಳೆ ಹಿಡಿಯುವ ಮೊದಲು ಕೊಟ್ಟಿಗೆಯಲ್ಲಿ ಏನೇನು ಆಗಬೇಕು?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹೊಸನಗರ ತಾಲ್ಲೂಕಿನ ಸಣ್ಣ ಹಳ್ಳಿ. ಒಂದು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಕೊಟ್ಟಿಗೆಯಲ್ಲಿ ಒಂದು ಜರ್ಸಿ ಕ್ರಾಸ್ ಹಸು, ಎರಡು ಮಲೆನಾಡು ಗಿಡ್ಡ (ನಮ್ಮ ಕಡೆಯ ಸಣ್ಣ ನಾಟಿ ದನ), ಒಂದು ಕರು. ಹದಿನೈದು ನಾಟಿ ಕೋಳಿ. ಪ್ರತಿ ವರ್ಷ ಆರಿದ್ರೆ ಮಳೆ ಶುರುವಾದರೆ ಜರ್ಸಿಯ ಗೊರಸಿನ ಸಂದು ಕೊಳೆಯುತ್ತದೆ, ಸಗಣಿ ನೀರಾಗುತ್ತದೆ, ಏಳು ಲೀಟರ್ ಹಾಲು ನಾಲ್ಕಕ್ಕೆ ಇಳಿಯುತ್ತದೆ. ಗಿಡ್ಡಗಳಿಗೆ ಮಾತ್ರ ಏನೂ ಆಗಲ್ಲ. ಆದರೆ ಹೋದ ವರ್ಷ ಗಿಡ್ಡದ್ದೇ ಒಂದೂವರೆ ವರ್ಷದ ಕಡಸು ತೊಡೆ ಬಾತು ಒಂದೇ ದಿನಕ್ಕೆ ಸತ್ತುಹೋಯಿತು. ಅದೇ ತಿಂಗಳು ಎಂಟು ಕೋಳಿ ಕತ್ತು ತಿರುಚಿಕೊಂಡು ಸತ್ತವು. ಈ ಸಲ ಮಳೆಗೆ ಮೊದಲೇ ಏನು ಮಾಡಬೇಕು? ಒಂದು ಹೇಂಟೆ ಈಗ ಕಾವಿಗೆ ಕೂತಿದೆ, ಮೊಟ್ಟೆ ಇಡಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಮಾತು ಬಹಳ ಮುಖ್ಯ. ಜರ್ಸಿಗೆ ಆಗುವುದು ಗಿಡ್ಡಕ್ಕೆ ಆಗಲ್ಲ ಅಂತ ನೀವೇ ಗಮನಿಸಿದ್ದೀರಿ. ಎರಡೂ ಒಂದೇ ಕೊಟ್ಟಿಗೆಯಲ್ಲಿದ್ದರೂ ಎರಡನ್ನೂ ಒಂದೇ ಥರ ಸಾಕಲು ಆಗುವುದಿಲ್ಲ. ಗಿಡ್ಡದ ಗೊರಸು ಚಿಕ್ಕದು, ಕಪ್ಪು, ಗಟ್ಟಿ. ಮೈ ಹಗುರ. ಇಡೀ ದಿನ ಬ್ಯಾಣದಲ್ಲಿ (ಮೇಯುವ ಹುಲ್ಲುಗಾವಲು) ನೆನೆದು ಬಂದು ಮೈ ಕೊಡವಿಕೊಂಡು ಮಲಗುತ್ತದೆ. ಜರ್ಸಿ ಕ್ರಾಸ್ ಮೂರು ಪಟ್ಟು ಭಾರ ಹೊತ್ತುಕೊಂಡು ಅದೇ ಹಸಿ ಸೊಪ್ಪಿನ ಮೇಲೆ ಹಗಲು ರಾತ್ರಿ ನಿಂತಿರುತ್ತದೆ. ನಾನು ಇಷ್ಟು ವರ್ಷ ನೋಡಿದ್ದರಲ್ಲಿ, ಮಲೆನಾಡಿನ ದನಕ್ಕೆ ಬೆನ್ನ ಮೇಲೆ ಬೀಳುವ ಮಳೆಯಿಂದ ಆದ ತೊಂದರೆ ಕಡಿಮೆ. ಕಾಲಡಿಯ ತೇವ ಮತ್ತು ಹುಲ್ಲಿನೊಳಗಿನ ನೀರು, ಇವೆರಡರಿಂದ ಆದದ್ದೇ ಜಾಸ್ತಿ.

ಮೊದಲು ಸತ್ತ ಕಡಸಿನ ವಿಷಯ. ಅದಕ್ಕೆ ದಿನ ಎಣಿಸಬೇಕಾಗಿದೆ.

ನೀವು ಬರೆದ ಲಕ್ಷಣ ನೋಡಿದರೆ ಅದು ಚಪ್ಪೆ ರೋಗದಂತೆಯೇ ಕಾಣುತ್ತದೆ. ಆರು ತಿಂಗಳಿಂದ ಎರಡು ವರ್ಷದೊಳಗಿನ, ಮೈ ತುಂಬಿಕೊಂಡ, ಚೆನ್ನಾಗಿ ಮೇಯುವ ಕರುಗಳನ್ನೇ ಅದು ಹಿಡಿಯುತ್ತದೆ. ತೊಡೆ ಅಥವಾ ಭುಜ ಬಾತುಕೊಳ್ಳುತ್ತದೆ. ಕೈಯಿಂದ ಒತ್ತಿದರೆ ಒಳಗೆ ಚರಚರ ಸದ್ದು ಬರುತ್ತದೆ. ಒಂದೆರಡು ದಿನದಲ್ಲಿ ಮುಗಿದುಹೋಗುತ್ತದೆ. ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮಳೆ ಬಿದ್ದು ಮಣ್ಣು ಸಡಿಲವಾದಾಗ, ಚಿಗುರು ಹುಲ್ಲನ್ನು ಬುಡದವರೆಗೆ ಕಚ್ಚುವಾಗ ಹೊಟ್ಟೆಗೆ ಹೋಗುತ್ತದೆ. ಹಾಗಾಗಿ ಒಮ್ಮೆ ಬಂದ ಜಾಗದಲ್ಲಿ ಮತ್ತೆ ಬರಬಹುದು. ಕಡಸನ್ನು ಹೂತ ಜಾಗಕ್ಕೆ ಈ ವರ್ಷವೂ ಮುಳ್ಳು ಹಾಕಿ, ದನ ಅಲ್ಲಿ ಮೇಯದ ಹಾಗೆ ನೋಡಿಕೊಳ್ಳಿ. ಮುಂದೆ ಎಂದಾದರೂ ಇಂಥ ಸಾವು ಆದರೆ ಚರ್ಮ ಸುಲಿಯಲು, ಹೊಟ್ಟೆ ಸೀಳಲು ಬಿಡಬೇಡಿ. ಆರಡಿ ಗುಂಡಿ ತೆಗೆದು, ಸುಣ್ಣ ಹಾಕಿ ಮುಚ್ಚಬೇಕು.

ಇದಕ್ಕೆ ಲಸಿಕೆ ಇದೆ. ಗಂಟಲು ಬೇನೆಗೂ ಇದೆ. ಗಂಟಲು ಬೇನೆಯಲ್ಲಿ ಜೋರು ಜ್ವರ ಬಂದು, ಗಂಟಲು ಬಾತು, ಉಸಿರು ಗೊರಗೊರ ಅನ್ನುತ್ತದೆ. ಎಮ್ಮೆ ಇರುವ ಮನೆಯವರು ಇನ್ನೂ ಹುಷಾರಾಗಿರಬೇಕು. ಎರಡೂ ಲಸಿಕೆ ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಆಗಬೇಕು. ಲಸಿಕೆ ಹಾಕಿದ ಮರುದಿನವೇ ರಕ್ಷಣೆ ಬರುವುದಿಲ್ಲ, ಎರಡು ಮೂರು ವಾರ ಬೇಕು. ಜೂನ್ 7ರ ಹೊತ್ತಿಗೆ ಮೃಗಶಿರ, 21ರ ಹೊತ್ತಿಗೆ ಆರಿದ್ರೆ. ಅಂದರೆ ನಾಳೆಯೇ ಪಶು ಆಸ್ಪತ್ರೆಗೆ ಹೋಗಿ ಹೇಳಿದರೆ ಲೆಕ್ಕ ಸರಿಹೋಗುತ್ತದೆ. ಕಾಲುಬಾಯಿ ಜ್ವರದ್ದು ಆರು ತಿಂಗಳಿಗೊಮ್ಮೆ ಆಗುತ್ತಿದೆಯಾ ಅಂತಲೂ ಕೇಳಿಕೊಳ್ಳಿ. ಜರ್ಸಿ ಗಬ್ಬವಿದ್ದರೆ ಎಷ್ಟು ತಿಂಗಳು ಅಂತ ಮೊದಲೇ ತಿಳಿಸಿ. ಒಂದು ಕಿವಿಮಾತು: ಲಸಿಕೆ ಹಾಕುವವರು ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ, ಅಷ್ಟು ಹೊತ್ತಿಗೆ ಗಿಡ್ಡಗಳು ಬೆಟ್ಟ ಹತ್ತಿರುತ್ತವೆ. "ಜರ್ಸಿಗೆ ಹಾಕಿ ಸಾಕು" ಅಂತ ಎಷ್ಟು ಮನೆಗಳಲ್ಲಿ ಹೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಮಣ್ಣಿಗೆ ಬಾಯಿ ಹಾಕಿ ಮೇಯುವುದು ಗಿಡ್ಡಗಳೇ ಅಲ್ವಾ? ಹಿಂದಿನ ರಾತ್ರಿಯೇ ಕಟ್ಟಿಹಾಕಿ.

ಇನ್ನು ಗೊರಸು. ನಮ್ಮ ಕಡೆ ಕೊಟ್ಟಿಗೆಗೆ ಬೇಸಿಗೆಯಲ್ಲಿ ದರಕು (ಒಣ ಎಲೆ), ಮಳೆಗಾಲದಲ್ಲಿ ಹಸಿ ಸೊಪ್ಪು ಹಾಕುವ ರೂಢಿ. ತೋಟಕ್ಕೆ ಗೊಬ್ಬರ ಬೇಕು, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಹೇಳಿದರೆ ನೀವು ಕೇಳುವುದೂ ಇಲ್ಲ. ಆದರೆ ಹಸಿ ಸೊಪ್ಪು, ಸಗಣಿ, ಗಂಜಲ ಮೂರೂ ಸೇರಿ ತಿಂಗಳುಗಟ್ಟಲೆ ಕೊಳೆಯುವ ಹಾಸಿಗೆಯ ಮೇಲೆ ಜರ್ಸಿ ನಿಂತರೆ ಅದರ ಗೊರಸು ಮೆತ್ತಗಾಗುತ್ತದೆ. ಪಾತ್ರೆ ತೊಳೆದು ತೊಳೆದು ನಮ್ಮ ಬೆರಳ ಸಂದು ಬಿಳುಚಿಕೊಳ್ಳುವುದಿಲ್ಲವೇ, ಹಾಗೆ. ಅಲ್ಲಿ ಸಣ್ಣ ಗೀರು ಬಿದ್ದರೆ ರೋಗಾಣು ಒಳಗೆ ಹೋಗುತ್ತದೆ.

ಗಿಡ್ಡಗಳು ಸೊಪ್ಪಿನ ಮೇಲೇ ಇರಲಿ. ಜರ್ಸಿಗೆ ಮಾತ್ರ ಒಂದು ಮೂಲೆಯನ್ನು ಎತ್ತರ ಮಾಡಿ. ಕಲ್ಲು ಚಪ್ಪಡಿ ಇದ್ದರೆ ಸರಿ, ಇಲ್ಲದಿದ್ದರೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಒತ್ತೊತ್ತಾಗಿ ಹಾಸಿ. ದಬ್ಬೆಯ ನಡುವೆ ಗೊರಸು ಸಿಕ್ಕುವಷ್ಟು ಸಂದು ಇರಬಾರದು, ಮೇಲ್ಮೈ ಜಾರಬಾರದು. ಹತ್ತಡಿ ಉದ್ದಕ್ಕೆ ಮೂರು ಇಂಚು ಇಳಿಜಾರು ಕೊಟ್ಟರೆ ಗಂಜಲ ಹಿಂದಕ್ಕೆ ಹರಿದು ಸೊಪ್ಪಿನ ಗುಂಡಿಗೇ ಸೇರುತ್ತದೆ. ಗೊಬ್ಬರಕ್ಕೂ ನಷ್ಟವಿಲ್ಲ. ರಬ್ಬರ್ ಮ್ಯಾಟ್ ಹಾಕುವುದಾದರೆ ವಾರಕ್ಕೊಮ್ಮೆ ಎತ್ತಿ ಅಡಿ ತೊಳೆಯಬೇಕು. ಎತ್ತದೆ ಬಿಟ್ಟ ಮ್ಯಾಟ್ ಇಲ್ಲದ್ದಕ್ಕಿಂತ ಕೆಟ್ಟದ್ದು. ಬಚ್ಚಲೊಲೆಯ ಬೂದಿಯನ್ನು ಜರಡಿ ಹಿಡಿದು ಸಂಜೆ ಒಂದು ಬೊಗಸೆ ನೆಲಕ್ಕೆ ಎರಚಿ. ಪುಕ್ಕಟೆ ಸಿಗುವ ವಸ್ತು, ತೇವ ಚೆನ್ನಾಗಿ ಹೀರುತ್ತದೆ.

ವಾರಕ್ಕೆ ಎರಡು ಸಲ ಗೊರಸು ಅದ್ದಿಸಿ. ಅಡಿಕೆಯ ಕೊಳೆ ರೋಗದ ಔಷಧಿಗೆ ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಮನೆಯಲ್ಲಿ ಹೇಗೂ ಇರುತ್ತದೆ. ಹತ್ತು ಲೀಟರ್ ನೀರಿಗೆ ಅರ್ಧ ಕೆಜಿ. ಪ್ಲಾಸ್ಟಿಕ್ ಟಬ್ಬಿನಲ್ಲಿ ಕಲಸಿ, ಕಬ್ಬಿಣದ ಬಾಣಲೆ ಬೇಡ. ಮೊದಲು ಗೊರಸಿನ ಸಂದಿನ ಸಗಣಿಯನ್ನು ತೊಳೆದು, ಆಮೇಲೆ ಒಂದೊಂದೇ ಕಾಲನ್ನು ಐದು ನಿಮಿಷ ಇಡಿಸಿ, ನಂತರ ಒಣ ಜಾಗದಲ್ಲಿ ಅರ್ಧ ಗಂಟೆ ನಿಲ್ಲಿಸಿ. ಈ ನೀರನ್ನು ದನ, ಕೋಳಿ ಯಾವುದೂ ಕುಡಿಯಬಾರದು. ಹಳ್ಳಕ್ಕೂ ಚೆಲ್ಲಬೇಡಿ. ಅಷ್ಟರಲ್ಲೇ ಕುಂಟು ಶುರುವಾಗಿ, ಗೊರಸಿನ ಮೇಲ್ಭಾಗ ಬಾತು, ದುರ್ವಾಸನೆ ಬಂದರೆ ಅದು ಅದ್ದಿಸಿ ಹೋಗುವ ಹಂತ ದಾಟಿದೆ ಅಂತ ಅರ್ಥ. ಇಂಜೆಕ್ಷನ್ ಬೇಕಾಗುತ್ತದೆ.

ಮಳೆ ಎರಚಲು ಅಂತ ಕೊಟ್ಟಿಗೆಯ ನಾಲ್ಕೂ ಕಡೆ ಟಾರ್ಪಾಲು ಕಟ್ಟುವವರಿದ್ದಾರೆ. ನೀವು ಕಟ್ಟಿದ್ದರೆ ಬೆಳಗಿನ ಜಾವ ಒಳಗೆ ಹೋಗಿ ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಕಣ್ಣು ಉರಿದರೆ ಹಸುವಿಗೂ ಉರಿಯುತ್ತಿದೆ. ಸೂರಿನ ಕೆಳಗೆ ಒಂದಡಿ ಬಿಚ್ಚಿಡಿ.

ಕೆಚ್ಚಲಿಗೂ ಇದೇ ತೇವ ಶತ್ರು. ಹಾಲು ಕರೆದ ಮೇಲೆ ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಅಷ್ಟರೊಳಗೆ ಹಸು ಕೊಚ್ಚೆಯಲ್ಲಿ ಮಲಗಿದರೆ ಕೆಚ್ಚಲು ಬಾವಿಗೆ ದಾರಿ ಮಾಡಿಕೊಟ್ಟ ಹಾಗೆ. ಅದಕ್ಕೇ ಹಿಂಡಿಯನ್ನು ಕರೆಯುವಾಗ ಕೊಟ್ಟರೂ, ಹುಲ್ಲನ್ನು ಕರೆದ ಮೇಲೆ ಹಾಕಿ. ತಿನ್ನುತ್ತಾ ನಿಂತೇ ಇರುತ್ತದೆ. ದಿನಾ ಮೊದಲ ಎರಡು ಹಿಂಡು ಹಾಲನ್ನು ಕಪ್ಪು ಬಟ್ಟೆಯ ಮೇಲೆ ಬಿಟ್ಟು ನೋಡಿ. ಚೂರುಚೂರು ಕಂಡರೆ ಅವತ್ತೇ ತೋರಿಸಿ.

ಈಗ ನೀರಾದ ಸಗಣಿ, ಇಳಿದ ಹಾಲು. ಇದರಲ್ಲಿ ಎರಡು ಕಾರಣ ಸೇರಿಕೊಂಡಿರಬಹುದು.

ಒಂದು, ಹುಲ್ಲು. ಜೂನ್‌ನಲ್ಲಿ ಚಿಗುರಿದ ಹುಲ್ಲು ನೋಡಲು ಚೆಂದ, ಆದರೆ ನೂರು ಕೆಜಿಯಲ್ಲಿ ಎಂಬತ್ತೈದು ಕೆಜಿ ನೀರೇ. ನಿಮ್ಮ ಜರ್ಸಿಗೆ 30 ಕೆಜಿ ಹಸಿ ಹುಲ್ಲು ಹಾಕಿದರೆ ಒಣ ಲೆಕ್ಕದಲ್ಲಿ ಅದು ನಾಲ್ಕೂವರೆ ಕೆಜಿ. ಅದಕ್ಕೆ ಬೇಕಾದ್ದು ಸುಮಾರು ಹತ್ತು. ಹೊಟ್ಟೆ ತುಂಬಿರುತ್ತದೆ, ಹಸು ಹಸಿದಿರುತ್ತದೆ! ನಾರು ಸಾಲದೆ ಮೆಲುಕು ಕಡಿಮೆಯಾಗುತ್ತದೆ, ಸಗಣಿ ತೆಳ್ಳಗಾಗುತ್ತದೆ, ಹಾಲು ಇಳಿಯುತ್ತದೆ. ಬೆಳಿಗ್ಗೆ ಹಸಿ ಹುಲ್ಲು ಮುಟ್ಟಿಸುವ ಮೊದಲು ಎರಡು ಕೆಜಿ, ಸಂಜೆ ಒಂದೆರಡು ಕೆಜಿ ಬತ್ತದ ಒಣಹುಲ್ಲು ಕೊಡಿ. ಕೊಯ್ದು ತಂದ ಹುಲ್ಲನ್ನು ಹೊರೆ ಬಿಚ್ಚದೆ ಇಟ್ಟರೆ ಬಿಸಿಯಾಗುತ್ತದೆ. ಜಗಲಿಯಲ್ಲಿ ಹರಡಿ, ನೀರು ಇಳಿದು ಬಾಡಲಿ, ಆಮೇಲೆ ಹಾಕಿ. ಗಿಡ್ಡಗಳನ್ನು ಬಿಡುವ ಮುಂಚೆಯೂ ಒಂದೊಂದು ಹಿಡಿ ಒಣಹುಲ್ಲು ಕೊಟ್ಟರೆ ಹೊಟ್ಟೆ ಉಬ್ಬರ ತಪ್ಪುತ್ತದೆ. ಅಟ್ಟದ ಒಣಹುಲ್ಲಿಗೆ ಸೋರಿಕೆಯಾಗಿ ಬೂಸ್ಟು ಹಿಡಿದಿದ್ದರೆ ಅದನ್ನು ಕಾಲಡಿಗೆ ಹಾಕಿ, ಬಾಯಿಗೆ ಬೇಡ. ಹಿಂಡಿ ಚೀಲವನ್ನು ಹಲಗೆಯ ಮೇಲಿಡಿ, ಗೋಡೆಗೆ ತಾಗಿಸಬೇಡಿ. ಬೂಸ್ಟು ಹಿಡಿದ ಶೇಂಗಾ ಹಿಂಡಿಯ ವಿಷ ಹಾಲಿಗೂ ಬರುತ್ತದೆ.

ಖನಿಜ ಮಿಶ್ರಣವನ್ನು ಮಾತ್ರ ನಿಲ್ಲಿಸಬೇಡಿ. ಇಷ್ಟು ಮಳೆ ತೊಳೆದ ಮಣ್ಣಿನಲ್ಲಿ ಸುಣ್ಣ, ರಂಜಕ ಕಡಿಮೆ. ದನ ಬಟ್ಟೆ, ಮೂಳೆ ಜಗಿಯುವುದು ಇದಕ್ಕೇ. ಜರ್ಸಿಗೆ ದಿನಕ್ಕೆ 50 ಗ್ರಾಂ, ಗಿಡ್ಡಕ್ಕೆ 20 ಸಾಕು.

ಎರಡನೆಯದು, ಜಂತು. ಗದ್ದೆಯ ಅಂಚು, ಕೆರೆಯ ಬದಿ, ನೀರು ನಿಂತ ತಗ್ಗಿನಲ್ಲಿರುವ ಬಸವನಹುಳದಿಂದ ಬರುವ ಚಪ್ಪಟೆ ಹುಳಗಳು ಮಲೆನಾಡಿನ ದನಕ್ಕೆ ದೊಡ್ಡ ಕಾಟ. ಒಂದು ಜಾತಿ ಪಿತ್ತಕೋಶ, ಯಕೃತ್ತಿನಲ್ಲಿ ಕೂರುತ್ತದೆ, ಇನ್ನೊಂದು ಹೊಟ್ಟೆಯಲ್ಲಿ, ಮತ್ತೊಂದು ಮೂಗಿನ ರಕ್ತನಾಳದಲ್ಲಿ ಕೂತು ಗೊರಕೆ ರೋಗ ತರುತ್ತದೆ. ನಾರುವ ನೀರು ಭೇದಿ, ಬಿಳಿಚಿದ ಕಣ್ಣು, ಗದ್ದದ ಕೆಳಗೆ ನೀರು ತುಂಬಿದ ಚೀಲದಂಥ ಬಾವು ಕಂಡರೆ ಇವುಗಳ ಮೇಲೆ ಅನುಮಾನ ಪಡಬೇಕು. ಮೆಡಿಕಲ್ ಶಾಪಿನಲ್ಲಿ "ಜಂತಿನ ಔಷಧಿ ಕೊಡಿ" ಅಂದರೆ ಸಿಗುವುದು ಹೆಚ್ಚಾಗಿ ದುಂಡು ಹುಳದ್ದು. ಅದು ಇವುಗಳ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಒಂದು ಬೆಂಕಿಪೊಟ್ಟಣದಷ್ಟು ಹೊಸ ಸಗಣಿಯನ್ನು ಡಬ್ಬಿಯಲ್ಲಿ ಪಶು ಆಸ್ಪತ್ರೆಗೆ ಒಯ್ಯಿರಿ. ಪರೀಕ್ಷೆ ಮಾಡಿಸಿ ಯಾವ ಹುಳವೋ ಅದರ ಔಷಧಿ ಬರೆಸಿಕೊಳ್ಳಿ. ಗಬ್ಬವಾ, ಹಾಲು ಕೊಡುತ್ತಿದೆಯಾ ಎಂಬುದನ್ನು ತಪ್ಪದೆ ಹೇಳಿ. ಗಬ್ಬದ ಮೊದಲ ತಿಂಗಳುಗಳಲ್ಲಿ ಕೆಲವು ಔಷಧಿ ಕೊಡಬಾರದು. ಇನ್ನು ಕೆಲವು ಕೊಟ್ಟರೆ ಹಾಲನ್ನು ಕೆಲವು ದಿನ ಚೆಲ್ಲಬೇಕಾಗುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯ ಮೂರು ದನಕ್ಕೆ ಒಂದೇ ಬಾಟಲಿಯಿಂದ ಸಮ ಪಾಲು ಮಾಡಿ ಜಂತಿನ ಔಷಧಿ ಕುಡಿಸಿದೆ. ಸಂಜೆ ಹೊತ್ತಿಗೆ ಗಿಡ್ಡ ಹಸು ಜೊಲ್ಲು ಸುರಿಸುತ್ತಾ ತೂರಾಡುತ್ತಿತ್ತು. ಮನೆಯ ಅಜ್ಜಿ ಒಂದು ಮಾತೂ ಬೈಯಲಿಲ್ಲ. "ಅದು ಸಣ್ಣದಲ್ವಾ ತಮ್ಮಾ" ಅಂದರು ಅಷ್ಟೇ. ಹಸು ಉಳಿಯಿತು. ಅವತ್ತಿನಿಂದ ಚೀಲದಲ್ಲಿ ದರ್ಜಿ ಟೇಪು ಇಟ್ಟುಕೊಂಡಿದ್ದೇನೆ.

ನೀವೂ ಅಳೆಯಬಹುದು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಎಷ್ಟು ಇಂಚು, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ಎಷ್ಟು ಇಂಚು ನೋಡಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕೆಜಿ ತೂಕ ಸಿಗುತ್ತದೆ. 48 ಇಂಚು ಸುತ್ತಳತೆ, 38 ಇಂಚು ಉದ್ದದ ಗಿಡ್ಡ 133 ಕೆಜಿ. 66 ಮತ್ತು 56 ಇಂಚಿನ ಜರ್ಸಿ 370 ಕೆಜಿ. ಔಷಧಿ ಬರೆಸುವಾಗ ಈ ಅಂಕಿ ಹೇಳಿ.

ನೀವು ಕೇಳದ ಒಂದು ವಿಷಯ. ತೋಟದ ಹುಲ್ಲನ್ನೇ ಕೊಯ್ದು ಹಾಕುತ್ತೀರಿ ಅಂದುಕೊಂಡಿದ್ದೇನೆ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಕೊಳೆ ಔಷಧಿ) ಹೊಡೆಯುವುದೂ ಇದೇ ಮಳೆಯಲ್ಲಿ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ ಬೀಳುತ್ತದೆ. ಗೊನೆಗೆ ಹೊಡೆದದ್ದರಲ್ಲಿ ಸುಮಾರು ಪಾಲು ಕೆಳಗಿನ ಹುಲ್ಲಿನ ಮೇಲೆ ನೀಲಿಯಾಗಿ ಕೂತಿರುತ್ತದೆ. ತಾಮ್ರ ದನದ ಯಕೃತ್ತಿನಲ್ಲಿ ಸ್ವಲ್ಪಸ್ವಲ್ಪವಾಗಿ ಸೇರುತ್ತಾ ಹೋಗುತ್ತದೆ. ಕುರಿಗೆ ಇನ್ನೂ ಅಪಾಯ, ಬಹಳ ಕಡಿಮೆಯೇ ಸಾಕು. ಔಷಧಿ ಹೊಡೆಯುವವರು ಬರುವ ದಿನ ಗೊತ್ತಾದ ಕೂಡಲೇ ಹುಲ್ಲು ಕೊಯ್ದು ಮುಗಿಸಿಬಿಡಿ. ಹೊಡೆದ ಮೇಲೆ ಮೂರು ವಾರ ಆ ತೋಟದ ಹುಲ್ಲಿಗೆ ಕತ್ತಿ ಹಾಕಬೇಡಿ ಅನ್ನುವುದು ನನ್ನ ಲೆಕ್ಕ. ಅಲ್ಲಿ ಬಿದ್ದ ಅಡಿಕೆ ಹಾಳೆಯೂ ದನಕ್ಕೆ ಬೇಡ. ಡ್ರಮ್ಮು ತೊಳೆದ ನೀರಿಗೆ ಕರು ಬಾಯಿ ಹಾಕದಂತೆ ನೋಡಿಕೊಳ್ಳಿ. ಆ ಮೂರು ವಾರಕ್ಕೆ ಗದ್ದೆ ಬದುವಿನಲ್ಲಿ ಒಂದಿಷ್ಟು ನೇಪಿಯರ್ ಹುಲ್ಲು ಇದ್ದರೆ ಅನುಕೂಲ. ಈಗಲೇ ಎರಡಡಿಗೊಂದು ತುಂಡು ಊರಿದರೆ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು ಸಿಗುತ್ತದೆ. ಹಾಗಾಗಿ ಈ ವರ್ಷದ ಎರಡನೇ ಔಷಧಿಯ ಹೊತ್ತಿಗೆ ಸಿಗಲಿಕ್ಕಿಲ್ಲ, ಮುಂದಿನ ವರ್ಷಕ್ಕೆ ಖಂಡಿತ. ಸ್ವಲ್ಪ ನೆರಳಿದ್ದರೆ ಗಿನಿ ಹುಲ್ಲು ಚೆನ್ನಾಗಿ ಬರುತ್ತದೆ.

ಉಂಬಳಕ್ಕೆ (ಜಿಗಣೆ) ಉಪ್ಪು, ಸುಣ್ಣ ನಿಮಗೆ ಗೊತ್ತೇ ಇದೆ. ಉಣುಗಿನ (ಉಣ್ಣೆ) ಬಗ್ಗೆ ಮಾತ್ರ ಎರಡು ಮಾತು. ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಗೊತ್ತಾದ, ಕಾಡು ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು ನಾವು ಬೇಸಿಗೆಯಲ್ಲಿ ನೆನೆಸಿಕೊಳ್ಳುತ್ತೇವೆ. ಆ ಕಾಡು ಉಣುಗಿನ ದೊಡ್ಡವು ದನದ ಮೈಮೇಲೆ ಏರಿ ರಕ್ತ ಕುಡಿಯುವುದು ಈ ಮಳೆಗಾಲದಲ್ಲೇ. ಕುಡಿದು ಕೆಳಗೆ ಬಿದ್ದು ಮೊಟ್ಟೆ ಇಡುತ್ತವೆ. ಮಳೆ ಹೋದ ಮೇಲೆ ಅವುಗಳ ಮರಿಗಳು ಕಾಡಿನ ದರಕಿನಲ್ಲಿ ಹರಡುತ್ತವೆ. ಸಂಜೆ ದನ ಬಂದ ಕೂಡಲೇ ಕಿವಿಯ ಒಳಗೆ, ಬಾಲದ ಬುಡ, ಗಂಗೆದೊಗಲು, ಕೆಚ್ಚಲ ಸಂದು ನೋಡಿ. ಕಿತ್ತದ್ದನ್ನು ಉಗುರಿನಲ್ಲಿ ಕುಕ್ಕಬೇಡಿ, ಸೀಮೆಎಣ್ಣೆ ಡಬ್ಬಿಗೆ ಹಾಕಿ. ಸಿಂಪಡಿಸುವ ಔಷಧಿ ಮಳೆಗೆ ತೊಳೆದುಹೋಗುತ್ತದೆ. ಬೆನ್ನ ಮೇಲೆ ಗೆರೆ ಎಳೆದ ಹಾಗೆ ಸುರಿಯುವ ಔಷಧಿ ಬರುತ್ತದೆ, ಮೈ ಒಣಗಿರುವಾಗ ಹಾಕಬೇಕು, ಹಾಲಿನ ಹಸುವಿಗೆ ಯಾವುದು ಅಂತ ಕೇಳಿ ತನ್ನಿ. ದನದ ಗಂಜಲ ಕೆಂಪಗಾದರೆ ಉಣುಗಿನ ಜ್ವರವೂ ಇರಬಹುದು, ರಂಜಕದ ಕೊರತೆಯೂ ಇರಬಹುದು. ಮನೆಮದ್ದು ಮಾಡುತ್ತಾ ಕೂರಬೇಡಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಆಂಬುಲೆನ್ಸ್ ಸಿಗುತ್ತದೆ.

ಕೋಳಿಗಳದ್ದು ಕೊಕ್ಕರೆ ರೋಗದ (ರಾಣಿಖೇತ್) ಲಕ್ಷಣ. ಹಿಕ್ಕೆ ಹಸಿರಾಗಿತ್ತಾ ನೆನಪು ಮಾಡಿಕೊಳ್ಳಿ. ಬಂದ ಮೇಲೆ ಮದ್ದಿಲ್ಲ. ಲಸಿಕೆ ಒಂದೇ ದಾರಿ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರ ತುಂಬಿದಾಗ ಚರ್ಮದ ಕೆಳಗೆ ಇಂಜೆಕ್ಷನ್. ದೊಡ್ಡ ಕೋಳಿಗಳಿಗೆ ಇಂಜೆಕ್ಷನ್ ಹಾಕಿಸುವ ಒಂದು ವಾರ ಮೊದಲು ಜಂತಿನ ಔಷಧಿ ಕೊಡಿ. ತೊಡಕು ಏನೆಂದರೆ, ಒಂದು ಸೀಸೆಯಲ್ಲಿ ನೂರು, ಇನ್ನೂರು ಕೋಳಿಗೆ ಆಗುವಷ್ಟು ಇರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನಿಮ್ಮ ಹದಿನೈದಕ್ಕಾಗಿ ಯಾರೂ ಸೀಸೆ ಒಡೆಯುವುದಿಲ್ಲ. ಅಕ್ಕಪಕ್ಕದ ಐದಾರು ಮನೆಯವರು ಸೇರಿ ಒಂದು ಸಂಜೆ ಗೊತ್ತು ಮಾಡಿ. ಥರ್ಮಾಸ್ ಫ್ಲಾಸ್ಕಿಗೆ ಐಸ್ ಹಾಕಿ ಲಸಿಕೆ ತನ್ನಿ. ಕೋಳಿ ಗೂಡು ಸೇರಿದ ಮೇಲೆ ಹಿಡಿಯುವುದು ಸುಲಭ. ಕಾಯಿಲೆ ಬಿದ್ದ ಕೋಳಿಗೆ ಮಾತ್ರ ಹಾಕಬಾರದು. ಸಂತೆಯಿಂದ ಹೊಸ ಕೋಳಿ ತಂದರೆ ಮೂರು ವಾರ ಬೇರೆ ಪಂಜರದಲ್ಲಿಡಿ. ಎಷ್ಟೋ ಮನೆಗಳಿಗೆ ರೋಗ ಬರುವುದು ಹಬ್ಬಕ್ಕೆ ತಂದ ಹುಂಜದ ಜೊತೆಗೇ.

ಗೂಡನ್ನು ನೆಲದಿಂದ ಎರಡಡಿ ಎತ್ತರಿಸಿ. ಒಳಗೆ ಬತ್ತದ ಹೊಟ್ಟು ಹಾಕಿ ಎರಡು ದಿನಕ್ಕೊಮ್ಮೆ ಕೆದಕಿ. ಹಿಡಿಯಲ್ಲಿ ಹಿಂಡಿದರೆ ಉಂಡೆ ಕಟ್ಟುವಷ್ಟು ಒದ್ದೆಯಾಗಿದ್ದರೆ ಬದಲಾಯಿಸಿ. ಸೂರಿನಡಿ ಒಂದು ಹಳೇ ಬುಟ್ಟಿಯಲ್ಲಿ ಒಣ ಬೂದಿ ಇಡಿ. ಅವು ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ.

ಕಾವಿಗೆ ಕೂತ ಹೇಂಟೆಗೆ ಈಗ ಮೊಟ್ಟೆ ಇಡಬೇಡಿ. ಈಗ ಇಟ್ಟರೆ 21 ದಿನಕ್ಕೆ, ಸರಿಯಾಗಿ ಆರಿದ್ರೆಯ ನಡುವೆ ಮರಿ ಹೊರಗೆ ಬರುತ್ತವೆ. ಕರೆಂಟು ನೆಚ್ಚಿ ಬಲ್ಬು ಹಾಕಲು ಆಗುವುದಿಲ್ಲ. ತಾಯಿ ಮೇಯಿಸಲು ಹೊರಗೆ ಒಯ್ದರೆ ಮರಿ ನೆನೆದು ಸಾಯುತ್ತವೆ, ಒಳಗೇ ಕೂಡಿದರೆ ಮೂರನೇ ವಾರಕ್ಕೆ ರಕ್ತಭೇದಿ ಶುರುವಾಗುತ್ತದೆ. ಹನ್ನೆರಡರಲ್ಲಿ ಮೂರು ಉಳಿದರೆ ನಿಮ್ಮ ಪುಣ್ಯ. ಹೇಂಟೆಯನ್ನು ನಾಲ್ಕು ದಿನ ಗಾಳಿಯಾಡುವ, ಕೆಳಗೆ ಹಾಸಿಲ್ಲದ ಪಂಜರದಲ್ಲಿ ಕಾಳು ನೀರು ಕೊಟ್ಟು ಇಡಿ, ಕಾವು ಇಳಿಯುತ್ತದೆ. ಮತ್ತೆ ಮೊಟ್ಟೆ ಇಟ್ಟು, ಮಘೆ ಮಳೆಯ ಹೊತ್ತಿಗೆ (ಆಗಸ್ಟ್ ನಡುವಿನ ಮೇಲೆ) ಪುನಃ ಕೂತರೆ ಆಗ ಹನ್ನೆರಡು ಮೊಟ್ಟೆ ಇಡಿ. ಆ ಮರಿಗಳು ಮೊಟ್ಟೆಯಿಂದ ಬರುವಾಗ ಅಂಗಳದಲ್ಲಿ ಸ್ವಲ್ಪ ಬಿಸಿಲು ಇರುತ್ತದೆ.